ಖಾಸಬಾಗದ ತವರುಮನೆ

ನಮ್ಮ ಅತ್ತೆ ನೀಲವ್ವ ಹೆತ್ತದ್ದು ಒಂದೇ ಕೂಸು, ಅದೂ ಗಂಡು. ಆ ಗಂಡನ್ನೇ ನಾನು ಮದುವೆಯಾದೆ. ನಾದಿನಿಯರ ಕಾಟವಿಲ್ಲದ ಮನೆ ಬೇಕೆಂದು ನಮ್ಮ ಅಪ್ಪ ಬೈಲಹೊಂಗಲದಿಂದ ಹುಡುಕಿಕೊಂಡು ಬಂದು ಬೆಳಗಾವಿಯ ಖಾಸಬಾಗದಲ್ಲಿ ಗೊತ್ತುಮಾಡಿದ ಸಂಬಂಧ ಅದು. ಮದುವೆಯಾಗಿ ನಾನು ಆ ಮನೆಯ ಒಲೆ ಹೊತ್ತಿಸುವುದನ್ನು ಕಲಿಯುವುದರೊಳಗೆ ತುಂಬಿದ ಬಸುರಿಯೊಬ್ಬಳು ಕೈಯಲ್ಲೊಂದು ಗಂಟು ಹಿಡಿದು ಬಾಗಿಲಲ್ಲಿ ನಿಂತು “ಅವ್ವಾ” ಎಂದು ಕರೆದಳು. ಅತ್ತೆ “ಬಾ ಮಗಳ, ಹೊರಗ್ಯಾಕ ನಿಂತಿ” ಎನ್ನುತ್ತ ಬಂದು ಗಂಟು ಇಸಿದುಕೊಂಡರು. ನಾನು ಗಾಬರಿಯಾಗಿ ನಮ್ಮವರ ಮುಖ ನೋಡಿದೆ. ಅವರು ಮಗ್ಗದ ಕುಣಿಯಲ್ಲಿ ಕುಳಿತು, ಏನೂ ಆಗದವರ ಹಾಗೆ ಲಾಳಿ ಆಡಿಸುತ್ತಿದ್ದರು.

ಆಮೇಲೆ ಆ ಮನೆಯಲ್ಲಿ ನಾನು ಕಂಡ ನಾದಿನಿಯರಿಗೆ ಲೆಕ್ಕವಿಲ್ಲ. ಒಬ್ಬಳು ತೆಲುಗು, ಒಬ್ಬಳು ಮರಾಠಿ, ಒಬ್ಬಳದು ಯಾವ ಭಾಷೆಯೆಂದು ಆಕೆ ಹೋಗುವವರೆಗೂ ನಮಗೆ ತಿಳಿಯಲಿಲ್ಲ. ಚಳಿಗಾಲದಲ್ಲಿ ಬೆಳಗಾವಿಗೆ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿಯನ್ನರ ಹುಡುಗಿಯೊಬ್ಬಳೂ ಒಂದು ವರ್ಷ ನಮ್ಮ ಪಡಸಾಲೆಯಲ್ಲಿ ಬಾಣಂತಿಯಾಗಿ ಮಲಗಿದ್ದಳು. ನಮ್ಮ ಅಪ್ಪ ಒಮ್ಮೆ ಬಂದವನು ಹಗ್ಗದ ಮೇಲೆ ಸಾಲಾಗಿ ಒಣಹಾಕಿದ್ದ ಕುಲಾವಿಗಳನ್ನು ನೋಡಿ, “ಇವೆಲ್ಲಾ ಯಾರವ?” ಎಂದ. “ನನ್ನ ನಾದಿನ್ಯಾರ ಮಕ್ಕಳವು” ಎಂದೆ. ಅಪ್ಪ ಚಹಾ ಕುಡಿದು ಬಸ್ಸು ಹಿಡಿದ.

ಅತ್ತೆ ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ದನಿ ಮಾತ್ರ ಎರಡು ಓಣಿ ಆಚೆಗೆ ಕೇಳುವಂಥದು. ಕನ್ನಡ, ಮರಾಠಿ, ಓಣಿಯ ಸಾಬರ ಮನೆಗಳ ದಖ್ಖನಿ, ಮೂರನ್ನೂ ಒಂದೇ ಮಾತಿನಲ್ಲಿ ಕಲಸಿ ಬೈಯಬಲ್ಲವರು. ದಾರಿಯಲ್ಲಿ ಯಾವ ಬಸುರಿ ಎದುರಾದರೂ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಆಕೆಯ ಪಾದಕ್ಕೆ. “ಕಾಲು ಬಾತಾವಲ್ಲ, ದವಾಖಾನಿಗೆ ತೋರಿಸೀಯೇನು?” ಎಂದು ಗುರುತು ಪರಿಚಯವಿಲ್ಲದವರನ್ನೂ ನಿಲ್ಲಿಸಿ ಕೇಳುವರು. ಜೊತೆಯಲ್ಲಿದ್ದ ನಾನು ನಾಚಿಕೆಯಿಂದ ಬಾಜೂ ಅಂಗಡಿಯ ಬಳೆ ನೋಡುತ್ತ ನಿಲ್ಲುತ್ತಿದ್ದೆ.

ಇದೆಲ್ಲ ಶುರುವಾದದ್ದು ಖಾನಾಪುರದಲ್ಲಿ. ಮಾವನವರು ಇದ್ದಾಗ ಅಲ್ಲಿ ಸ್ಟೇಶನ್ನಿನ ಹತ್ತಿರ ಅವರದೊಂದು ಕಿರಾಣಿ ಅಂಗಡಿ. ಮಲಪ್ರಭೆಯ ದಂಡೆಗೆ ಇಟ್ಟಂಗಿ ಭಟ್ಟಿಗಳು. ದೀಪಾವಳಿಯ ಹೊತ್ತಿಗೆ ದೂರದೂರದಿಂದ ಕೆಲಸದವರು ಬಂದು ಗರಿಯ ಗುಡಿಸಲು ಹಾಕಿಕೊಂಡು ಮಳೆಗಾಲದ ತನಕ ಇರುತ್ತಿದ್ದರು. ಒಂದು ವರ್ಷ ಭಟ್ಟಿಯ ಹುಡುಗಿಯೊಬ್ಬಳಿಗೆ ಹೆರಿಗೆ ಕಷ್ಟವಾಗಿ ಬೆಳಗಾವಿಗೆ ಒಯ್ಯಬೇಕೆಂದರು. ಅಂಗಡಿಗೆ ಉಪ್ಪು ಒಯ್ಯಲು ಬರುತ್ತಿದ್ದ ಹುಡುಗಿ ಎಂದು ಅತ್ತೆಯೂ ಬಸ್ಸು ಹತ್ತಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರಂತೆ. ಬೆಳಗಾವಿಯ ಅಂಚಿನ ಪೀರನವಾಡಿ ದಾಟುವುದರೊಳಗೆ ತಾಯಿ, ಕೂಸು ಎರಡೂ ಇಲ್ಲ.

“ಒಂದು ವಾರ ಮದಲ ಆಕಿ ಬೆಳಗಾವ್ಯಾಗ ಇದ್ದಿದ್ರ ಉಳೀತಿದ್ಲು” ಎಂದು ಅತ್ತೆ ಎಷ್ಟೋ ಸಲ ನನ್ನ ಮುಂದೆ ಹೇಳಿದ್ದಾರೆ. “ಆದ್ರ ಬೆಳಗಾವ್ಯಾಗ ಎಲ್ಲಿರಬೇಕು? ನಮ್ಮ ಹೆಣ್ಣಮಕ್ಕಳು ಹಡಿಯಾಕ ತವರಿಗೆ ಹೋಗ್ತಾರ. ಇವರ ತವರು ರೈಲಿನ್ಯಾಗ ಎರಡು ದಿನದ ದಾರಿ.”

ಮಾವ ತೀರಿಕೊಂಡ ಮೇಲೆ ಅತ್ತೆ ಅಂಗಡಿ ಮುಚ್ಚಿ ಖಾಸಬಾಗದ ಹಿರಿಯರ ಮನೆಗೆ ಬಂದರು. ಬರುವಾಗ ಭಟ್ಟಿಗಳಿಗೆ ಹೋಗಿ, ದಿನ ತುಂಬುತ್ತ ಬಂದವರು ತಮ್ಮ ಮನೆಗೆ ಬಂದು ಇರಬೇಕು, ದವಾಖಾನೆಗೆ ತಾವು ಒಯ್ಯುವುದಾಗಿ ಹೇಳಿ ಬಂದರು. ಹೇಳಿದ್ದು ಇಷ್ಟೇ. ಬಂದವರಿಗೆ ಮಾಡಿದ್ದು ಮಾತ್ರ ಹೆತ್ತ ತಾಯಿ ಮಾಡುವಷ್ಟು.

ಅವರಿಗೇ ತವರು ಇರಲಿಲ್ಲ. ಹುಟ್ಟಿದ್ದು ಪಾರಿಶ್ವಾಡದಲ್ಲಿ. ತಂದೆತಾಯಿ ಬೇಗ ಹೋದರು. ಅಣ್ಣನಿಗೂ ಮಾವನವರಿಗೂ ಯಾವುದೋ ಹೊಲದ ಬದುವಿನ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಅತ್ತೆ ಚೊಚ್ಚಲ ಬಸುರಿಯಾದಾಗ ಅಣ್ಣ ಕುಬಸಕ್ಕೂ ಬರಲಿಲ್ಲ, ಬಾಣಂತನಕ್ಕೂ ಕರೆಯಲಿಲ್ಲ. ನಮ್ಮ ಕಡೆ ಕುಬಸ ಎಂದರೆ ತವರಿನವರು ಬಂದು ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವುದು. ಆ ಹಸಿರು ಸೀರೆ ಅತ್ತೆಯ ಮೈಮೇಲೆ ಬರಲೇ ಇಲ್ಲ.

ವಿಚಿತ್ರವೆಂದರೆ ನಮ್ಮ ಮಗ್ಗದ ಮೇಲೆ ಯಾವಾಗಲೂ ಇರುತ್ತಿದ್ದುದು ಹಸಿರು ಸೀರೆಯೇ, ಕುಬಸಕ್ಕೆಂದು ಅದಕ್ಕೆ ಗಿರಾಕಿ ಜಾಸ್ತಿ. ನಮ್ಮವರು ಹುಡುಗನಾಗಿದ್ದಾಗ ಖಾಸಬಾಗದ ದೊಡ್ಡಪ್ಪನ ಹತ್ತಿರ ನೇಯ್ಗೆ ಕಲಿತು, ತಾನು ನೇಯ್ದ ಮೊದಲ ಹಸಿರು ಸೀರೆಯನ್ನು ತಾಯಿಯ ಮುಂದೆ ಇಟ್ಟರಂತೆ. ಆಗ ಮಾವನವರು ಇನ್ನೂ ಬದುಕಿದ್ದರು, ಹಸಿರು ಉಡಲು ಅಡ್ಡಿಯೇನೂ ಇರಲಿಲ್ಲ. ಅತ್ತೆ ಸೀರೆಯನ್ನು ಸವರಿ ನೋಡಿ, ಮಡಿಕೆ ಮಾಡಿ ತಿರುಗಿ ಕೊಟ್ಟರಂತೆ.

“ಚಂದ ನೇಯ್ದಿ ಮಗನ. ಖರೇ, ಇದು ತವರಿನವರು ತಂದು ಉಡಸೂ ಸೀರಿ. ಮಗ ಕೊಟ್ರ ಆಗಂಗಿಲ್ಲ.”

ನರಸಮ್ಮ ಬಂದದ್ದು ನನ್ನ ಮದುವೆಯಾದ ಮರುವರ್ಷ, ಹೋಳಿ ಹುಣ್ಣಿಮೆಯ ಹೊತ್ತಿಗೆ. ತೆಲುಗು ಸೀಮೆಯ ಹುಡುಗಿ, ಚೊಚ್ಚಲ ಬಸುರಿ. ಗಂಡ ವೆಂಕಟಯ್ಯ ಮಣ್ಣು ಕಲಸುವವನು, ಈಕೆ ಅಚ್ಚಿಗೆ ಹಾಕುವವಳು. ಇಬ್ಬರೂ ಸೇರಿ ಒಂದು ಜೋಡಿ. ಭಟ್ಟಿಯಲ್ಲಿ ಕೆಲಸ ಹಂಚುವುದೇ ಜೋಡಿಯ ಲೆಕ್ಕದಲ್ಲಿ. ಅತ್ತೆ ಅವಳ ಕಾಲು ನೋಡಿದರು, ರೆಪ್ಪೆ ಎಳೆದು ನೋಡಿದರು, “ಮೈಯಾಗ ರಕ್ತನ ಇಲ್ಲ” ಎಂದು ಗೊಣಗಿ ಮರುದಿನದಿಂದಲೇ ಬೀಟರೂಟು, ಬೆಲ್ಲ, ಶೇಂಗಾ ತಿನ್ನಿಸತೊಡಗಿದರು.

ದವಾಖಾನೆಗೆ ಹೋಗುವ ಮೊದಲು ಕುಬಸ ಆಗಲೇಬೇಕು. ಅತ್ತೆಯ ಮನೆಯ ಕಾಯಿದೆ ಅದು. ನಮ್ಮವರ ಮಗ್ಗದಿಂದ ಇಳಿದ ಹಸಿರು ಸೀರೆ, ಓಣಿಯ ಬಳೆಗಾರನ ಹಸಿರು ಬಳೆ. ಅತ್ತೆ ಗಂಡನಿಲ್ಲದವರಾದ್ದರಿಂದ ಉಡಿ ತುಂಬುವ ಕೈ ನನ್ನದು. ಅವರು ಬಾಗಿಲ ಹತ್ತಿರ ನಿಂತು, ಅಕ್ಕಿ ಹಾಕಿದೆಯಾ, ಕೊಬ್ಬರಿ ಬಟ್ಟಲು ಎಲ್ಲಿ, ಅರಿಷಿಣ ಬೇರು ಮರೆತೆಯಲ್ಲ ಎಂದು ನನ್ನ ಮೇಲೆ ದಬಾಯಿಸುವರು. ನರಸಮ್ಮನಿಗೆ ಇದೇನೆಂದು ತಿಳಿಯದು. ತುಂಬಿದ ಉಡಿ ಹಿಡಿದುಕೊಂಡು ಪಿಳಿಪಿಳಿ ನೋಡಿದಳು.

“ತವರಿಂದ ಬರಿ ಉಡೀಲೆ ಹೋಗಬಾರದವ್ವ” ಎಂದರು ಅತ್ತೆ. “ಗಟ್ಟಿ ಹಿಡಕೊ.”

ಹೆರಿಗೆಯ ದಿನ ದಸ್ತಗೀರನ ಟಾಂಗಾ ಬಂತು. ದಸ್ತಗೀರ ನಮ್ಮ ಪಕ್ಕದ ಓಣಿಯವನು. ಅತ್ತೆಯನ್ನು “ಅಕ್ಕಾ” ಎಂದು ಕರೆಯುವವನು. ಬಸುರಿಯರನ್ನು ಕೂರಿಸಿಕೊಂಡಾಗ ಅವನ ಕುದುರೆಯೂ ನಿಧಾನವಾಗಿ ಹೆಜ್ಜೆ ಹಾಕುತ್ತದೆ ಎಂದು ಅವನ ಹೆಮ್ಮೆ. ನರಸಮ್ಮ ಹೆಣ್ಣುಕೂಸು ಹೆತ್ತಳು. ಆದರೆ ರಕ್ತ ಬಹಳ ಹೋಯಿತು. ರಕ್ತ ಕೊಡುವ ಮನೆಯವರು ಯಾರಾದರೂ ಬೇಕೆಂದರು. ವೆಂಕಟಯ್ಯ ಖಾನಾಪುರದಲ್ಲಿ ಭಟ್ಟಿಯ ಮೇಲಿದ್ದ. ಅತ್ತೆ ನನ್ನನ್ನು ಕಟ್ಟಿಕೊಂಡು ದವಾಖಾನೆಯ ಗುಮಾಸ್ತನ ಮುಂದೆ ಹೋಗಿ ನಿಂತರು. ಆತನಿಗೆ ಅತ್ತೆಯ ಮುಖ ಪರಿಚಯವಿತ್ತು.

“ಅಜ್ಜಿ, ಮೊನ್ನೆ ಮಗಳು ಅಂತ ಒಬ್ಬಾಕಿನ ಕರಕೊಂಡು ಬಂದಿದ್ರಿ. ಆಕಿ ಮರಾಠಿ ಮಾತಾಡತಿದ್ಲು. ಈಕಿ ತೆಲಗು. ನಿಮಗ ಎಷ್ಟು ಮಂದಿ ಹೆಣ್ಣಮಕ್ಕಳ್ರಿ?”

“ಮಕ್ಕಳನ್ನ ಎಣಸಬಾರದಪ್ಪ, ದೃಷ್ಟಿ ಆಗ್ತೇತಿ. ನೀ ರಕ್ತದ್ದು ಹೇಳು.”

“ಈಕಿಗೆ ಅಣ್ಣ ತಮ್ಮ ಯಾರರೆ ಅದಾರೇನು?”

“ಇಬ್ರು ಅದಾರ. ಹೊರಗ ಕುಂತಾರ.”

ಹೊರಗೆ ಕುಳಿತಿದ್ದವರು ನಮ್ಮವರು ಮತ್ತು ದಸ್ತಗೀರ. ಗುಮಾಸ್ತ ಇಬ್ಬರ ಹೆಸರೂ ಕೇಳಿ, ಪೆನ್ನು ಕೆಳಗಿಟ್ಟು ಅತ್ತೆಯನ್ನು ನೋಡಿದ. “ಒಬ್ಬಾಂವ ಶಿವಪ್ಪ, ಒಬ್ಬಾಂವ ದಸ್ತಗೀರ. ಇಬ್ರೂ ಒಡಹುಟ್ಟಿದವರಾ?”

“ಇಬ್ರದೂ ತಗದು ನೋಡಪ್ಪ. ಯಾರದು ಕೂಡತೈತೋ ಅಂವ ಖರೇ ಅಣ್ಣ.”

ಆತ ನಕ್ಕುಬಿಟ್ಟ. ನಗು ಬಂದ ಮೇಲೆ ಕೆಲಸ ಬೇಗ ಆಯಿತು. ಕೂಡಿದ್ದು ದಸ್ತಗೀರನ ರಕ್ತ. ನರಸಮ್ಮ ಉಳಿದಳು. ಮುಂದೆ ಎಷ್ಟೋ ವರ್ಷ ದಸ್ತಗೀರ ನಮ್ಮವರನ್ನು ಕಂಡಾಗಲೆಲ್ಲ, “ಏನ್ ಶಿವಪ್ಪಾ, ಖರೇ ಅಣ್ಣ ಯಾರಂತ ದವಾಖಾನಿಯವರ ಹೇಳ್ಯಾರ” ಎಂದು ಎದೆ ಮುಂದೆ ಮಾಡುತ್ತಿದ್ದ.

ಉಳಿಸಿದ್ದನ್ನು ಕಾಪಾಡುವುದು ಬೇರೆ ಕಷ್ಟ. ನರಸಮ್ಮ ಮನೆಗೆ ಬಂದು ಇನ್ನೂ ಗೋಡೆ ಹಿಡಿಯದೆ ಏಳಲಾರದ ಸ್ಥಿತಿಯಲ್ಲಿದ್ದಳು. ಮಳೆಗಾಲ ಮುಗಿಯುವ ತನಕ ಭಾರ ಎತ್ತಕೂಡದೆಂದು ಡಾಕ್ಟರಮ್ಮ ಹೇಳಿದ್ದರು. ಅಷ್ಟರಲ್ಲಿ ಖಾನಾಪುರದಿಂದ ಭಟ್ಟಿಯ ಮುಕಾದಮ ಪರಶರಾಮ ಬಂದ. ಕೆಲಸದವರನ್ನು ಕರೆತರುವುದು, ಕೆಲಸ ಹಂಚುವುದು ಎಲ್ಲ ಅವನದೇ. ದೊಡ್ಡ ಮೀಸೆ, ಬಿಳಿ ಟೊಪ್ಪಿಗೆ. ಹೊಸ್ತಿಲ ಹೊರಗೇ ನಿಂತು ಹೇಳಿದ:

“ಅವ್ವಾರ, ನರಸಮ್ಮನ್ನ ಕರಕೊಂಡು ಹೋಗಾಕ ಬಂದೇನ್ರಿ. ಮಳಿ ಬರೂದರಾಗ ಭಟ್ಟಿ ಸುಡಬೇಕು. ಜೋಡಿ ಮುರದು ಕುಂತೈತಿ.”

ಕರೆದುಕೊಂಡು ಹೋದರೆ ಅವಳು ಮರುದಿನವೇ ಹಸಿ ಮಣ್ಣಿನ ಮುಂದೆ ಕೂರಬೇಕು, ಬದುಕುವುದಿಲ್ಲ ಎಂದು ನನಗೂ ಗೊತ್ತಿತ್ತು. ಅತ್ತೆ ಈಗ ಅವನ ಟೊಪ್ಪಿಗೆ ಹಾರಿಸುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿ, “ಜಮಖಾನಿ ಹಾಸವ್ವ, ಕಾಲಿಗೆ ನೀರು ಕೊಡು” ಎಂದರು. ಅವನಿಗೆ, “ಬರ್ರಿ ಬೀಗರ, ಒಳಗ ಕುಂದರ್ರಿ” ಎಂದರು.

ಪರಶರಾಮ ಹಿಂದೆ ಯಾರಾದರೂ ಬಂದಿದ್ದಾರೇನೋ ಎಂದು ತಿರುಗಿ ನೋಡಿದ. “ನಾ ಮುಕಾದಮ ರೀ ಅವ್ವಾರ.”

“ಮಗಳನ್ನ ಕರಿಯಾಕ ಬಂದವರು ಬೀಗರ ಅಲ್ಲೇನು? ಮದಲ ಚಹಾ ತಗೋರಿ.”

ಬೆಲ್ಲ ನೀರು ಆಯಿತು, ಚಹಾ ಆಯಿತು, ಅವಲಕ್ಕಿ ಆಯಿತು. ಅವನು ತಟ್ಟೆ ಕೆಳಗಿಡುತ್ತಿದ್ದಂತೆ ಅತ್ತೆ ಬಹಳ ಸಹಜವಾಗಿ ಕೇಳಿದರು: “ಬೀಗರ, ನಿಮ್ಮ ಮನ್ಯಾಗ ಬಾಣಂತಿನ ತವರಿಂದ ಯಾವಾಗ ಕಳಸ್ತೀರಿ?”

“ಐದು ತಿಂಗಳಿಗೆ.”

“ಯಾರು ಬಂದ್ರ ಕಳಸ್ತೀರಿ?”

“ಗಂಡ ಬರಬೇಕು. ಇಲ್ಲಾ ಅತ್ತಿ-ಮಾವ.”

“ನಿಮ್ಮ ತಂಗಿ ಹಸಿ ಬಾಣಂತಿ ಇದ್ದಾಗ ಹೊರಗಿನಾಂವ ಒಬ್ಬ ಬಂದು, ನಮ್ಮ ಕೆಲಸ ನಿಂತೈತಿ ಕಳಸ್ರಿ ಅಂದಿದ್ರ ನಿಮ್ಮ ಅವ್ವ ಕಳಸ್ತಿದ್ಲೇನ್ರಿ?”

ಪರಶರಾಮ ಮೀಸೆಯ ಮೇಲೆ ಕೈಯಿಟ್ಟುಕೊಂಡು ಕುಳಿತ. ಅತ್ತೆ ಆಗ ದನಿ ತಗ್ಗಿಸಿ ಅವನ ಮನೆಮಾತಿನಲ್ಲಿ ಹೇಳಿದರು: “ಮಾಹೇರಾಲಾ ಆಲೇಲೀ ಲೇಕ ಆಹೇ ಹೀ, ಪರಶರಾಮ.” ಇವಳು ತವರಿಗೆ ಬಂದ ಮಗಳು ಎಂದು ಅದರ ಅರ್ಥ. ತಂಗಿಯನ್ನು ತವರಿಂದ ಕಳಿಸಿದವನೇ ಅವನೂ. ನರಸಮ್ಮನನ್ನು ಬಿಟ್ಟು ಎದ್ದು ಹೊರಟವನನ್ನು ಅತ್ತೆ ಬಾಗಿಲ ತನಕ ಕಳಿಸಲು ಹೋದರು. “ಕೂಸಿನ್ನ ತೊಟ್ಟಲಿಗೆ ಹಾಕೂವಾಗ ಹೇಳಿ ಕಳಸ್ತೇವಿ. ಬರೂವಾಗ ಬರಿಗೈಲೆ ಬರಬ್ಯಾಡ್ರಿ. ಬೀಗರು ಅನಿಸಿಕೊಂಡೀರಿ.”

ನಾನು ಆ ದಿನ ಪಡಸಾಲೆಯಲ್ಲಿ ಕುಳಿತು ಒಬ್ಬಳೇ ನಕ್ಕೆ. ಇಂಥ ಅತ್ತೆ ನನಗಲ್ಲದೆ ಬೈಲಹೊಂಗಲದ ಬೇರೆ ಯಾರಿಗೆ ಸಿಕ್ಕಿದ್ದಾರೆ ಎಂದು ಹೆಮ್ಮೆಯಾಯಿತು. ಈಗಲೂ ಆ ಹೆಮ್ಮೆ ಇಳಿದಿಲ್ಲ.

ಪರಶರಾಮ ವೆಂಕಟಯ್ಯನ ತಮ್ಮನನ್ನೇ ಅಣ್ಣನಿಗೆ ಜೋಡಿ ಹಾಕಿದ. ತೊಟ್ಟಿಲಿಗೆ ಕರೆದಾಗ ಬಂದ. ಬರಿಗೈಯಲ್ಲಿ ಬರಲಿಲ್ಲ. ಹೆಚ್ಚು ಬೆಂದು ಸೊಟ್ಟಗಾದ, ಮಾರಾಟಕ್ಕೆ ಬಾರದ ಇಟ್ಟಂಗಿಗಳನ್ನು ಮಾಲೀಕರಿಂದ ಕೇಳಿ ಪಡೆದು ಒಂದು ಲಾರಿಯ ತುಂಬ ಹಾಕಿಸಿಕೊಂಡು ಬಂದಿದ್ದ. ಓಣಿಯ ಹುಡುಗರೆಲ್ಲ ಲಾರಿಯ ಹಿಂದೆ. “ಬೀಗರ ಆಹೇರು ಭಾರೀ ಆತು” ಎಂದು ಅತ್ತೆ ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಹೇಳಿದರು. ವೆಂಕಟಯ್ಯ ಮತ್ತು ಅವನ ಜೊತೆಯವರು ರಜೆಯ ದಿನ ಬಂದು ಆ ಇಟ್ಟಂಗಿಗಳಿಂದಲೇ ನಮ್ಮ ಹಿತ್ತಲಲ್ಲಿ ಒಂದು ಖೋಲಿ ಕಟ್ಟಿದರು. ಸೊಟ್ಟ ಇಟ್ಟಂಗಿಯ ಗೋಡೆ ಸ್ವಲ್ಪ ಹೊಟ್ಟೆ ಉಬ್ಬಿಸಿಕೊಂಡೇ ನಿಂತಿತು. ಬಾಣಂತಿಯರು ಮಗ್ಗದ ಸದ್ದಿನಿಂದ ದೂರವಾಗಿ, ಗಾಳಿಯಿಲ್ಲದೆ ಬೆಚ್ಚಗೆ ಮಲಗುವಂತಾಯಿತು. ನರಸಮ್ಮನ ಕೂಸಿಗೆ ನೀಲಮ್ಮ ಎಂದು ಹೆಸರಿಟ್ಟೆವು. ಮಳೆಗಾಲ ಮುಗಿಯುತ್ತ ಬಂದು ಐದು ತಿಂಗಳು ತುಂಬಿದ ಮೇಲೆ ಗಂಡ ಬಂದು ಕರೆದ. ಅತ್ತೆ ಶಾಸ್ತ್ರಪ್ರಕಾರ ಕಳಿಸಿಕೊಟ್ಟರು.

ತವರು ಎಂಬುದನ್ನು ನರಸಮ್ಮ ನಾವು ಎಣಿಸಿದ್ದಕ್ಕಿಂತ ಹೆಚ್ಚು ನಂಬಿದ್ದಳು. ದೀಪಾವಳಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆಂದು ಯಾರೋ ಹೇಳಿದ್ದರು. ಭಟ್ಟಿಗೆ ಮರಳಿ ಬಂದ ವರ್ಷ ಹಬ್ಬದ ದಿನ ಬೆಳಿಗ್ಗೆ ಹಾಸಿಗೆ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡು, ಇನ್ನಿಬ್ಬರು “ಮಗಳಂದಿರ” ಜೊತೆ ನಮ್ಮ ಬಾಗಿಲಲ್ಲಿ ಇಳಿದಳು. ತವರಿಗೆ ಬರಿಗೈಯಲ್ಲಿ ಬರಬಾರದೆಂದು ಕಾಣಿಕೆಯನ್ನೂ ತಂದಿದ್ದಳು. ಬಗಲಲ್ಲಿ ಒಂದು ಜೀವಂತ ಕೋಳಿ.

ಲಿಂಗವಂತರ ಮನೆ. ಒಲೆಯ ಮೇಲೆ ಕರ್ಚೀಕಾಯಿ. ಓಣಿಯ ಹೆಂಗಸರು ಬಾಗಿಲಲ್ಲಿ. ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ನರಸಮ್ಮ ಕೋಳಿಯನ್ನು ಅತ್ತೆಯ ಮುಂದೆ ಹಿಡಿದು ನಗುತ್ತಿದ್ದಳು. ಅತ್ತೆ ಒಂದು ಗಳಿಗೆ ಕೋಳಿಯನ್ನು, ಒಂದು ಗಳಿಗೆ ಅವಳನ್ನು ನೋಡಿ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡರು. “ಮಗಳು ತಂದದ್ದು” ಎಂದು ಓಣಿಯವರಿಗೆ ಹೇಳಿ, ನೇರ ದಸ್ತಗೀರನ ಮನೆಗೆ ನಡೆದರು. “ಇದನ್ನ ಕೊಯ್ಯಬ್ಯಾಡ. ಸಾಕು. ತತ್ತಿ ಹಾಕಿದ್ರ ನಮ್ಮ ಬಾಣಂತ್ಯಾರಿಗೆ ನಿನ್ನ ಹೇಂತಿ ಕಡಿಂದ ಬೇಯಿಸಿ ಕೊಡಸು.” ಆ ಕೋಳಿ, ಅದರ ಮರಿ, ಮರಿಯ ಮರಿ, ದಸ್ತಗೀರನ ಅಂಗಳದಲ್ಲಿ ಬಹಳ ವರ್ಷ ಓಡಾಡಿದವು. ತತ್ತಿ ಮುಟ್ಟದ ನಮ್ಮ ಅತ್ತೆಯಿಂದಾಗಿ ಎಷ್ಟು ಬಾಣಂತಿಯರು ತತ್ತಿ ತಿಂದರೋ!

ಅಂದಿನಿಂದ ಪ್ರತಿ ದೀಪಾವಳಿಗೆ ನಾನು ಕರ್ಚೀಕಾಯಿ ಕರಿಯುವ ಬುಟ್ಟಿ ದೊಡ್ಡದಾಯಿತು. ಅಳಿಯಂದಿರಿಗೆ ಎಣ್ಣೆಸ್ನಾನದ ನೀರು ಕಾಯಿಸುವ ಕೆಲಸವೂ ನನ್ನದೇ. ನಾದಿನಿಯರಿಲ್ಲದ ಮನೆ ಎಂದಿದ್ದ ಅಪ್ಪನನ್ನು ಆಗೆಲ್ಲ ನೆನೆಯುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆ ಹಾಸಿಗೆ ಹಿಡಿದರು. ಚಳಿಗಾಲ, ಶಿವರಾತ್ರಿ ಇನ್ನೂ ಮುಂದಿತ್ತು. ಕೊನೆಯ ದಿನ ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ ಬಟ್ಟಲು ಸರಿಸಿ ಕೇಳಿದರು: “ಭಟ್ಟಿ ಚಾಲೂ ಆಗಿರಬೇಕಲ್ಲ. ಹಿಂದಿನ ಖೋಲಿ ಕಸಾ ಹೊಡದೀಯಿಲ್ಲೊ?”

“ಹೊಡದೇನ್ರಿ ಅತ್ತಿ.”

“ಬಿಸಿಲಿಗೆ ಒಣಸಿದ ಹಾಸಿಗಿ ಇಡು. ಹಸಿ ಹಾಸಿಗಿ ಇಡಬ್ಯಾಡ” ಎಂದು ಕಣ್ಣು ಮುಚ್ಚಿದರು. ಸಂಜೆಯ ಹೊತ್ತಿಗೆ ಹೋದರು.

ಮರುದಿನ ಬೆಳಿಗ್ಗೆ ಓಣಿಯ ಹಿರಿಯರು ಅಂಗಳದಲ್ಲಿ ಕುಳಿತರು. ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಮೈಮೇಲಿನ ಕೊನೆಯ ಸೀರೆ ತವರಿನಿಂದ ಬರಬೇಕು. ಪಾರಿಶ್ವಾಡಕ್ಕೆ ಹೇಳಿ ಕಳಿಸಿದ್ದೆವು. ಅಣ್ಣ ಇಲ್ಲದಿದ್ದರೂ ಅಣ್ಣನ ಮಕ್ಕಳು ಬಂದಾರು ಎಂದು ಕಾದೆವು. ಒಂದು ಬಸ್ಸು ಬಂತು, ಇನ್ನೊಂದು ಬಸ್ಸು ಬಂತು, ಯಾರೂ ಇಳಿಯಲಿಲ್ಲ. ಹಿರಿಯರು ಮತ್ತೆ ಮತ್ತೆ “ತವರ ಸೀರಿ ಬಂತೇನು?” ಎಂದು ಕೇಳುತ್ತಿದ್ದರ ಹೊರತು ಎದ್ದು ಮುಂದಿನದಕ್ಕೆ ಕೈಹಚ್ಚಲಿಲ್ಲ. ನಮ್ಮವರು ಮಗ್ಗದ ಗೂಟ ಹಿಡಿದು ತಲೆ ಬಗ್ಗಿಸಿ ನಿಂತಿದ್ದರು. ಬದುಕಿದ್ದಾಗ ಬಾರದವರು ಈಗಲೂ ಬರಲಿಲ್ಲವಲ್ಲ ಎಂದುಕೊಳ್ಳುತ್ತ ನಾನು ಮತ್ತೊಮ್ಮೆ ಬಾಗಿಲಿಗೆ ಹೋಗಿ ಓಣಿಯ ತುದಿ ನೋಡಿದೆ.

ಆಗ ದಸ್ತಗೀರನ ಟಾಂಗಾದ ಸದ್ದು ಕೇಳಿಸಿತು. ಅವನು ಯಾರನ್ನೂ ಕೇಳದೆ ಬೆಳಿಗ್ಗೆ ಮೊದಲ ಬಸ್ಸಿನಲ್ಲೇ ಖಾನಾಪುರದ ಭಟ್ಟಿಗೆ, ತವರ ಸೀರೆ ಬೇಕೆಂದು ಹೇಳಿ ಕಳಿಸಿದ್ದನಂತೆ. ಟಾಂಗಾದಿಂದ ನರಸಮ್ಮ ಇಳಿದಳು, ಟಾಂಗಾದ ಹಿಂದೆ ನಡೆದುಕೊಂಡು ಇನ್ನೂ ಎಷ್ಟೋ ಮಂದಿ ಬಂದರು. ಕಾಲಿಗೆಲ್ಲ ಕೆಂಪು ಮಣ್ಣು, ಭಟ್ಟಿಯಿಂದ ಎದ್ದು ಹಾಗೆಯೇ ಬಂದವರು. ಕೊನೆಗೆ ಇಳಿದವನು ಪರಶರಾಮ. ಟೊಪ್ಪಿಗೆ ಕೈಯಲ್ಲಿತ್ತು. ನರಸಮ್ಮ ಅಳುತ್ತಲೇ ಕಾಗದದ ಪೊಟ್ಟಣ ಬಿಚ್ಚಿದಳು. ಒಳಗೆ ಹಸಿರು ಸೀರೆ.

ಅಂಗಳದಲ್ಲಿ ಗುಜುಗುಜು ಎದ್ದಿತು. ಹಿರಿಯರೊಬ್ಬರು, “ಗಂಡ ಇಲ್ಲದಾಕಿಗೆ ಹಸರ ತರ್ತಾರೇನು? ಮತ್ತ ಮಕ್ಕಳು ಅನಿಸಿಕೊಂಡವರು ತಂದದ್ದು ತವರ ಸೀರಿ ಹೆಂಗ ಆಗ್ತೇತಿ?” ಎಂದರು.

ನರಸಮ್ಮನಿಗೆ ಕನ್ನಡ ಈಗ ಚೆನ್ನಾಗಿ ಬರುತ್ತಿತ್ತು. ಆದರೂ ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಅಕ್ಕಾ, ತಪ್ಪಾತೇನು? ಅವ್ವ ನಮಗೆಲ್ಲಾ ಹಸರೇ ಉಡಿಸಿದ್ಲು. ತವರ ಸೀರಿ ಅಂದ್ರ ಹಸರೇ ಅಂತ ತಿಳಕೊಂಡಿದ್ವಿ.”

ಹಿರಿಯರ ಮುಂದೆ ನಾನು ಅಲ್ಲಿಯವರೆಗೆ ದನಿಯೆತ್ತಿ ಮಾತಾಡಿದವಳಲ್ಲ. ಆ ದಿನ ಎದ್ದು ಅವಳ ಬಾಜೂ ಹೋಗಿ ನಿಂತೆ. ಎರಡು ಓಣಿ ಆಚೆಗೆ ಕೇಳುವ ದನಿ ಅತ್ತೆಯದು ಎಂದೆನಲ್ಲ, ಆ ದಿನ ಅದು ನನಗೆ ಬಂದಿತ್ತು.

“ತಪ್ಪಿಲ್ಲ ನರಸವ್ವ. ತವರಿನವರು ಬಂದಾರ್ರಿ ಎಲ್ಲಾರೂ ಕೇಳ್ರಿ. ಖಾನಾಪುರದಿಂದ ಬಂದಾರ. ಜರಾ ಸರೀರಿ, ಸೀರಿ ಉಡಸೂಣು.”

ಹಿರಿಯರು ನಮ್ಮವರ ಮುಖ ನೋಡಿದರು. ನಮ್ಮವರು ಕಣ್ಣೊರೆಸಿಕೊಂಡು, “ಆಕಿ ಹೇಳಿದ್ದು ಖರೇ ಐತ್ರಿ. ದಾರಿ ಬಿಡ್ರಿ” ಎಂದರು.

ನಾನೂ ನರಸಮ್ಮನೂ ಸೇರಿ ಅತ್ತೆಗೆ ಸೀರೆ ಉಡಿಸಿದೆವು. ಉಡಿಸಿ ಮುಗಿಯುತ್ತಿದ್ದಂತೆ ಅವಳು ಅಡುಗೆಮನೆಗೆ ಹೋಗಿ, ಆ ಮನೆಯಲ್ಲಿ ಯಾವುದು ಎಲ್ಲಿದೆಯೆಂದು ಗೊತ್ತಿದ್ದವಳ ಹಾಗೆ, ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಷಿಣ ಬೇರು ತಂದಳು. “ತವರಿಂದ ಬರಿ ಉಡೀಲೆ ಹೋಗಬಾರದು ಅಂತ ಅವ್ವನ ಹೇಳಿದ್ಲು” ಎಂದು ಅತ್ತೆಯ ಉಡಿ ತುಂಬಿದಳು.

ಅದು ಖಾನಾಪುರದ ಪೇಟೆಯಲ್ಲಿ ಕೊಂಡ ಸಾದಾ ನೂಲಿನ ಸೀರೆ. ಅಂಚು ತೆಳ್ಳಗೆ, ನೇಯ್ಗೆ ಸಡಿಲ. ನಮ್ಮವರು ಅಷ್ಟು ವರ್ಷ ನೇಯ್ದ ಹಸಿರು ಸೀರೆಗಳಲ್ಲಿ ಒಂದನ್ನೂ ಉಡದ ಅತ್ತೆ ಅದನ್ನು ಉಟ್ಟುಕೊಂಡು ಹೋದರು.